ರೈಲ್ವೆ ಹಡಗಿನ ಸೂಪು

ನೀರಿನ ಮೇಲೆ ಕುಳಿತು ಊಟ ಮಾಡುವಾಗ ಮನುಷ್ಯನಿಗೆ ತನ್ನ ಅಲ್ಪತ್ವದ ಅರಿವಾಗುತ್ತದೆ. ಊಟ ಹೇಗೇ ಇರಲಿ, ಎದ್ದು ಮನೆಗೆ ಹೋಗುವಂತಿಲ್ಲ ಎಂಬ ಅರಿವು ಅದಕ್ಕೂ ಮೊದಲೇ ಆಗುತ್ತದೆ. ಈ ಎರಡು ಪಾಠಗಳನ್ನೂ ನಾನು ಮಸ್ಕತ್ತಿನ ಕಡಲಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ, ಕುತ್ತಿಗೆಗೆ ಟೈ ಬಿಗಿದುಕೊಂಡು ಕಲಿತೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಸ್ಕತ್ತಿನ ವಾದಿ ಕಬೀರ್‌ನ ಗ್ಯಾರೇಜುಗಳ ಸಾಲಿನಲ್ಲಿ ನೀರಿನ ಪಂಪು, ಪೈಪು, ನಲ್ಲಿಗಳನ್ನು ಮಾರುವ ಕಂಪೆನಿಯೊಂದರಲ್ಲಿ ನಾನು ಆಫೀಸ್ ಮ್ಯಾನೇಜರ್ ಆಗಿದ್ದೆ. ಪದವಿ ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ನನ್ನ ಕೈಕೆಳಗೆ ಇದ್ದದ್ದು ಒಂದು ಫ್ಯಾಕ್ಸ್ ಯಂತ್ರ. ಅದೂ ನನ್ನ ಮಾತು ಕೇಳುತ್ತಿರಲಿಲ್ಲ. ಸಾಲದ್ದಕ್ಕೆ ನನ್ನ ವೀಸಾದ ಪ್ರಕಾರ ನಾನು ಮ್ಯಾನೇಜರ್ ಕೂಡ ಅಲ್ಲ, ಪ್ಲಂಬರ್. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಂಪೆನಿಯ ಬಳಿ ಖಾಲಿ ಇದ್ದದ್ದು ಪ್ಲಂಬರ್ ವೀಸಾ ಒಂದೇ. ಬಂದ ಮೇಲೆ ಬದಲಾಯಿಸೋಣ ಎಂದಿದ್ದರು. ಬಂದ ಮೇಲೆ, ಇದ್ದದ್ದು ಇದ್ದ ಹಾಗೇ ಚೆನ್ನಾಗಿದೆಯಲ್ಲ ಎಂದರು. ಪ್ಲಂಬರನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಕೊಡುತ್ತಿರಲಿಲ್ಲ. ಹಾಗಾಗಿ ಹೆಂಡತಿ, ಮಗಳು ಮೈಸೂರಿನಲ್ಲಿ. ನಾನು ಅಲ್ ಅಮೇರಾತ್‌ನ ಕಂಪೆನಿ ರೂಮಿನಲ್ಲಿ, ಮೂರು ಜನ ನಿಜವಾದ ಪ್ಲಂಬರುಗಳ ಜತೆ. ಅವರು ನನ್ನನ್ನು ಬಹಳ ಗೌರವದಿಂದ ಕಾಣುತ್ತಿದ್ದರು. ರೂಮಿನ ನಲ್ಲಿ ಕೆಟ್ಟಾಗ ಮಾತ್ರ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಹೀಗಿರುವಾಗ ರುಸೈಲ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ ಕುದುರಿತು. ಅಕೌಂಟೆಂಟ್ ಎಂದೇ ವೀಸಾ, ಕುಟುಂಬಕ್ಕೂ ವೀಸಾ. ಮಗಳು ಹೈಸ್ಕೂಲಿಗೆ ಬರುವವಳಿದ್ದಳು. ಅವಳನ್ನು ಇಲ್ಲಿನ ಇಂಡಿಯನ್ ಸ್ಕೂಲಿಗೇ ಸೇರಿಸಬಹುದು ಎಂದು ಹೆಂಡತಿ ಫೋನಿನಲ್ಲಿ ಆಗಲೇ ಯೂನಿಫಾರ್ಮಿನ ಬಣ್ಣ ಕೇಳುತ್ತಿದ್ದಳು. ಬೇಕಾದದ್ದು ಒಂದೇ: ನನ್ನ ಕಫೀಲ್, ಎಂದರೆ ನನ್ನನ್ನು ದೇಶದೊಳಕ್ಕೆ ತಂದ ಮಾಲೀಕ, ರಿಲೀಸ್ ಕೊಡಬೇಕು. ಕೊಡದಿದ್ದರೆ ಊರಿಗೆ ವಾಪಸು ಹೋಗಿ ಎರಡು ವರ್ಷ ಕಾದು ಮತ್ತೆ ಬರಬೇಕು. ಅಷ್ಟು ದಿನ ಕಾಯುವ ಕಾರ್ಖಾನೆ ಯಾವುದೂ ಇಲ್ಲ.

ನಮ್ಮ ಅರಬಾಬ್, ಅಲ್ಲಿ ಧಣಿಯನ್ನು ಕರೆಯುವುದೇ ಹಾಗೆ, ಅರವತ್ತು ದಾಟಿದ ಎತ್ತರದ ಮನುಷ್ಯ. ಹುಟ್ಟಿ ಬೆಳೆದದ್ದು ಪೂರ್ವ ಆಫ್ರಿಕಾದ ದೊಡ್ಡ ಸರೋವರದ ದಡದ ಒಂದು ಊರಿನಲ್ಲಿ. ತಂದೆ ಅಲ್ಲಿ ಅಂಗಡಿ ಇಟ್ಟಿದ್ದರಂತೆ. ಯೌವನದಲ್ಲಿ ಒಮಾನಿಗೆ ಮರಳಿದವರು. ಯಾರ ಮೇಲೂ ದನಿ ಎತ್ತಿದವರಲ್ಲ. ಕೂಗಾಡುವ ಕಫೀಲ್ ಆಗಿದ್ದರೆ ನಾವೂ ನಾಲ್ಕು ಮಾತಾಡಿ ಹೊರಬರಬಹುದಿತ್ತು. ಇವರು ರಿಲೀಸ್ ಎಂದ ಕೂಡಲೇ ಎದ್ದು ನಿಂತು, ಕೈಯಾರೆ ಕಾವಾ ಕಾಫಿ ಬಗ್ಗಿಸಿ, ಖರ್ಜೂರದ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿ, "ಇನ್ಶಾ ಅಲ್ಲಾಹ್" ಎನ್ನುತ್ತಿದ್ದರು. ನಾನು ಹಲವು ಸಲ ರಿಲೀಸ್ ಕೇಳಿದೆ. ಖರ್ಜೂರ ಬೇಕಾದಷ್ಟು ತಿಂದೆ.

ಅದೇ ದಿನಗಳಲ್ಲಿ ಅರಬಾಬ್ ಒಂದು ಹಳೆಯ ಪ್ರಯಾಣಿಕರ ಬೋಟನ್ನು ಕೊಂಡುಕೊಂಡರು. ಮೊದಲು ಅದು ಟೂರಿಸ್ಟರಿಗೆ ಡಾಲ್ಫಿನ್ ತೋರಿಸುತ್ತಿತ್ತು. ಗಾಜಿನ ಕಿಟಕಿಗಳಿದ್ದ ಒಂದು ಉದ್ದನೆಯ ಕೋಣೆ, ಮೇಲೊಂದು ಡೆಕ್ಕು. ಅದನ್ನು ತೇಲುವ ಹೋಟೆಲು ಮಾಡುವ ಯೋಚನೆ ಅವರದು. ಕೆಲ ವಾರ ಕಳೆದ ಮೇಲೆ ಮೊಂಬಾಸಾದಲ್ಲಿದ್ದ ನೆಂಟರೊಬ್ಬರು ಕಳಿಸಿದ ಮರದ ಪೆಟ್ಟಿಗೆಗಳು ನಮ್ಮ ಗೋದಾಮಿಗೆ ಬಂದವು. ಪಂಪುಗಳ ನಡುವೆ ಅವನ್ನು ಒಡೆಸಿದಾಗ ಒಳಗಿದ್ದದ್ದು ದಪ್ಪನೆಯ ಬಿಳಿ ಪಿಂಗಾಣಿ ತಟ್ಟೆಗಳು, ಸೂಪಿನ ಬೋಗುಣಿಗಳು, ಕಪ್ಪಿಟ್ಟ ಬೆಳ್ಳಿ ಬಣ್ಣದ ಚಮಚಗಳು, ಒಂದು ಜಾಗಟೆ. ತಟ್ಟೆಗಳ ಮೇಲೆಲ್ಲ ರೈಲ್ವೆಯ ಮುದ್ರೆ.

"ರೈಲಿನ ಸಾಮಾನಾ, ಅರಬಾಬ್?" ಎಂದೆ.

"ಸ್ಟೀಮರಿನದು. ನಮ್ಮ ಸರೋವರದ ಸ್ಟೀಮರ್‌ಗಳು ರೈಲ್ವೆಯವು. ರೈಲು ದಡಕ್ಕೆ ತಂದು ಬಿಡುತ್ತಿತ್ತು, ಮುಂದಕ್ಕೆ ಸ್ಟೀಮರ್. ಒಳಗೆ ಊಟದ ಸಲೂನು. ಅಂಥ ಊಟ ಈಗ ದುನಿಯಾದಲ್ಲಿ ಎಲ್ಲೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಅರ್ಜಿಯಲ್ಲಿ ತಂದೆ ರೈಲ್ವೆ ಎಂದು ಬರೆದಿದ್ದೆ, ಅಲ್ಲವಾ?" ಎಂದರು.

"ಹೌದು."

"ನಿಮ್ಮಲ್ಲೂ ರೈಲ್ವೆ ಸ್ಟೀಮರ್ ಇತ್ತು. ನೀನು ಹತ್ತಿದ್ದೀಯಾ?"

ಹತ್ತಿದ್ದೆ ಎಂದೆ. ಅದು ಸತ್ಯ.

"ಅದರಲ್ಲಿ ಊಟ ಮಾಡಿದ್ದೀಯಾ?"

ಮಾಡಿದ್ದೆ ಎಂದೆ. ಅದೂ ಸತ್ಯ.

"ಖಲಾಸ್," ಎಂದರು ಅರಬಾಬ್. ಅಲ್ಲಿಯವರೆಗೆ ಎಲ್ಲರಂತೆ ನನ್ನನ್ನೂ ಸದೀಕ್, ಎಂದರೆ ಗೆಳೆಯ, ಎನ್ನುತ್ತಿದ್ದವರು ಆ ದಿನದಿಂದ ಉಸ್ತಾದ್ ಎನ್ನತೊಡಗಿದರು. "ಮೊದಲು ಒಂದು ಊಟ ಮಾಡಿಸು. ನಾನು, ನನ್ನ ಅಕ್ಕ, ನೀನು. ಸ್ಟೀಮರಿನ ಊಟ ಹೇಗಿತ್ತೋ ಹಾಗೆ. ನಿನ್ನ ರಿಲೀಸಿನ ಮಾತು ಆ ಊಟದ ಮೇಜಿನ ಮೇಲೆ ಮುಗಿಸೋಣ."

ಈಗ ನಾನು ಮಾಡಿದ್ದ ಆ ಊಟದ ವಿಚಾರ. ನನಗೆ ಎಂಟೋ ಒಂಬತ್ತೋ ವರ್ಷ. ಅಪ್ಪ ಮೈಸೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತೆ. ಅವರಿಗೆ ಸಿಗುತ್ತಿದ್ದ ರೈಲ್ವೆ ಪಾಸಿನಲ್ಲಿ ನಾವೆಲ್ಲ ಕಾಶಿಗೆ ಹೋಗಿ, ಅಲ್ಲಿಂದ ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದೆವು. ಪಾಟ್ನಾದ ಹತ್ತಿರ ಗಂಗೆಗೆ ಆಗ ಸೇತುವೆ ಇರಲಿಲ್ಲ. ಈ ದಡದಲ್ಲಿ ರೈಲಿಳಿದವರನ್ನು ರೈಲ್ವೆಯದೇ ಸ್ಟೀಮರು ಆ ದಡದ ರೈಲಿಗೆ ದಾಟಿಸುತ್ತಿತ್ತು. ಟಿಕೆಟ್ಟು ಒಂದೇ, ಪಾಸು ಒಂದೇ, ನೂಕುನುಗ್ಗಲೂ ಒಂದೇ. ಹಡಗಿನ ಮೇಲಂತಸ್ತಿನಲ್ಲಿ ಊಟದ ಸಲೂನು. ಅದರ ಹೊರಗೆ, ಕಿಟಕಿಯ ಕೆಳಗೆ, ಅಮ್ಮ ಜಮಖಾನ ಹಾಸಿ ನಮ್ಮನ್ನು ಸಾಲಾಗಿ ಕೂರಿಸಿದಳು. ಒಳಗೆ ಪೇಟ ಸುತ್ತಿದ ಬಟ್ಲರ್ ಜಾಗಟೆ ಬಾರಿಸಿದ. ಎಲ್ಲೋ ಮಂಗಳಾರತಿ ಎಂದುಕೊಂಡು ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ಬಿಟ್ಟಾಗ ಸೂಟು ಹಾಕಿದವರು ಸಾಲಾಗಿ ಊಟಕ್ಕೆ ಹೋಗುತ್ತಿದ್ದರು. ನಾವು ನಮ್ಮ ಡಬ್ಬಿ ಬಿಚ್ಚಿ ಪುಳಿಯೋಗರೆ ತಿಂದೆವು. ನನಗೆ ಜೋರು ನೆಗಡಿ. ಅದಕ್ಕಾಗಿ ಅಮ್ಮ ದಡದಲ್ಲೇ ಸ್ಟೌ ಹಚ್ಚಿ ಮೆಣಸಿನ ಸಾರು ಮಾಡಿ ಮುಚ್ಚಳದ ಗಿಂಡಿಯಲ್ಲಿ ತಂದಿದ್ದಳು. ಅದನ್ನು ಕುಡಿಯುತ್ತ ನಾನು ಸಲೂನಿನ ಕಿಟಕಿಯನ್ನು ನೋಡಿದೆ. ಕಂಡದ್ದು ಬಟ್ಲರನ ಪೇಟದ ತುದಿ ಮಾತ್ರ.

ರೈಲ್ವೆ ಸ್ಟೀಮರುಗಳ ಭೋಜನದ ಬಗ್ಗೆ ನನ್ನ ಪಾಂಡಿತ್ಯ ಇಷ್ಟು. ಮೂಗು ಕಟ್ಟಿದ್ದ ಹುಡುಗನೊಬ್ಬ ಕಿಟಕಿಯ ಹೊರಗೆ ಕುಳಿತು ಸಂಪಾದಿಸಿದ್ದು.

ಅಡುಗೆಗೆ ನಾನು ಹಿಡಿದದ್ದು ವಾದಿ ಕಬೀರ್‌ನಲ್ಲಿ ಕೆಫೆಟೇರಿಯಾ ನಡೆಸುತ್ತಿದ್ದ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಸಾಹೇಬರನ್ನು. ಅವರ ಕೈಯ ಪರೋಟಕ್ಕೆ ಗ್ಯಾರೇಜುಗಳೆಲ್ಲ ನಿಲ್ಲುತ್ತಿದ್ದವು. ನನ್ನನ್ನು ಅವರು ಭಟ್ರೆ ಎಂದು ಕರೆಯುತ್ತಿದ್ದರು.

"ಎಂತ ಭಟ್ರೆ, ನೀವು ಬಂದು ನನ್ನ ಹತ್ರ ಕೋಳಿ ರೋಸ್ಟಿನ ವಿಷಯ ಮಾತಾಡುದಾ? ಊರಲ್ಲಿ ಗೊತ್ತಾದ್ರೆ ನನಗೆ ಬೈತಾರೆ ಮಾರಾಯ್ರೆ."

"ನಾನು ಭಟ್ಟ ಅಲ್ಲ ಸಾಹೇಬ್ರೇ. ಎಷ್ಟು ಸಲ ಹೇಳ್ಬೇಕು ನಿಮಗೆ?"

"ಮಾಂಸ ತಿನ್ನುದಿಲ್ಲ, ಜನಿವಾರ ಉಂಟು. ಇನ್ನೆಂತ ಬೇಕು, ಸರ್ಟಿಫಿಕೇಟಾ?"

ಮೀನು, ರೋಸ್ಟು, ಕಟ್ಲೆಟ್ಟು, ಕಸ್ಟರ್ಡು ಇವೆಲ್ಲ ತನಗೆ ಬಿಟ್ಟುಬಿಡಿ ಎಂದರು. ದುಬೈಯಲ್ಲಿ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಇದ್ದವರಂತೆ. ತೊಡಕು ಬಂದದ್ದು ಸೂಪಿನಲ್ಲಿ. ದೊರೆಗಳ ಊಟ ಸೂಪಿನಿಂದ ಶುರುವಾಗುತ್ತಿತ್ತು ಎಂಬುದೊಂದು ಇಬ್ಬರಿಗೂ ಗೊತ್ತಿತ್ತು. ಸಾಹೇಬರು ಕೋಳಿಯ ರಸ ತೆಗೆಯಲು ಹೊರಟವರು ತಾವಾಗಿಯೇ ನಿಂತರು.

"ಬೇಡ. ಕೋಳಿ ಹಾಕಿದ್ರೆ ನಿಮಗೆ ರುಚಿ ನೋಡ್ಲಿಕ್ಕೆ ಆಗುದಿಲ್ಲ. ಸ್ಟೀಮರಲ್ಲಿ ತಿಂದವರು ನೀವೊಬ್ಬರೇ ಅಲ್ವಾ? ಬೇಳೆ ಹಾಕುವ."

ಬೇಳೆ ಹಾಕಿ ಕುದಿಸಿ ಒಂದು ಲೋಟ ಕೊಟ್ಟರು. ನಾನು ಮೂಸಿ ನೋಡಿದೆ.

"ಇದಲ್ಲ ಸಾಹೇಬ್ರೇ."

"ಕುಡೀಲೇ ಇಲ್ಲ ನೀವು!"

"ವಾಸನೆ ಇದಲ್ಲ. ಅದು ಹತ್ರ ಬಂದರೆ ಕಟ್ಟಿದ ಮೂಗು ಬಿಟ್ಟುಕೊಳ್ಳೋದು. ಕಣ್ಣಲ್ಲಿ ನೀರು ಬರೋದು."

"ಅದು ಸೂಪಾ, ಶೀತದ ಮದ್ದಾ?"

ಮೆಣಸು ಕುಟ್ಟಿ ಹಾಕಿದರು. ಹತ್ತಿರ ಬಂತು, ಆದರೆ ಏನೋ ಕಡಿಮೆ. ಹುಣಿಸೆ ಹಿಂಡಿದರು. ಇನ್ನೂ ಹತ್ತಿರ ಬಂತು. ನಾನು ಕಣ್ಣು ಮುಚ್ಚಿ ಗಂಗೆಯನ್ನೂ ಕಿಟಕಿಯನ್ನೂ ಪೇಟದ ತುದಿಯನ್ನೂ ನೆನೆದು, "ಸ್ವಲ್ಪ ಇಂಗು" ಎಂದೆ. ಸಾಹೇಬರು ಸೌಟು ಕೆಳಗಿಟ್ಟು ನನ್ನನ್ನು ನೋಡಿದರು.

"ಭಟ್ರೆ, ಬೇಸರ ಮಾಡ್ಬೇಡಿ. ಇದಕ್ಕೆ ನಮ್ಮ ಊರಲ್ಲಿ ಸಾರು ಅಂತ ಹೇಳ್ತಾರೆ."

ನನಗೂ ಅದು ಗೊತ್ತಾಗಿತ್ತು. ಆದರೆ ಆ ಸ್ಟೀಮರಿನ ಊಟ ಎಂದು ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಶುಕ್ರವಾರವೂ ಹತ್ತಿರವಾಗಿತ್ತು. ರುಸೈಲ್‌ನವರು ಈ ತಿಂಗಳೊಳಗೆ ರಿಲೀಸ್ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ದೊರೆಗಳು ಮುಲ್ಲಿಗಟಾನಿ ಎಂದು ಕುಡಿಯುತ್ತಿದ್ದದ್ದೂ ಮೂಲದಲ್ಲಿ ನಮ್ಮ ಮೆಣಸಿನ ನೀರೇ ಎಂದು ಎಲ್ಲೋ ಓದಿದ್ದೆ. ಅದನ್ನು ಸಾಹೇಬರಿಗೆ ಗಂಭೀರವಾಗಿ ವಿವರಿಸಿದೆ.

"ಆಯ್ತು ಆಯ್ತು," ಎಂದರು ಅವರು. "ಲೋಟದಲ್ಲಿ ಕುಡಿದ್ರೆ ಸಾರು, ಚಮಚದಲ್ಲಿ ಕುಡಿದ್ರೆ ಸೂಪು. ಅರ್ಬಿಗೆ ಎಂತ ಗೊತ್ತಾಗ್ತದೆ? ನಿಮ್ಮ ಮಗಳು ಬರ್ಲಿ, ಅಷ್ಟೇ ಬೇಕಾದ್ದು."

ಶುಕ್ರವಾರದ ನಮಾಜು ಮುಗಿದ ಮೇಲೆ ಬೋಟು ಹೊರಟಿತು. ಅರಬಾಬ್ ಬಿಳಿ ದಿಶ್‌ದಾಶಾ ನಿಲುವಂಗಿ, ಬಣ್ಣದ ಪೇಟದಲ್ಲಿ ಬಂದಿದ್ದರು. ಜತೆಗೆ ಅವರ ಅಕ್ಕ. ಎಲ್ಲರೂ ಬೀಬಿ ಎನ್ನುತ್ತಿದ್ದ, ಎಪ್ಪತ್ತರ ಆಸುಪಾಸಿನ, ಕೋಲು ಹಿಡಿದ ಹೆಂಗಸು. ತಮ್ಮನ ಜತೆ ಸ್ವಾಹಿಲಿ ಮಾತಾಡುತ್ತಿದ್ದರು. ಆಫ್ರಿಕಾದಲ್ಲಿ ನೆರೆಮನೆಯ ಗುಜರಾತಿಗಳಿಂದ ಕಲಿತ ಒಂದು ಬಗೆಯ ಹಿಂದಿಯನ್ನು ನನ್ನ ಜತೆ ಆಡಿದರು. ನನ್ನ ಟೈ ನೋಡಿ, "ಯಾರು ಸತ್ತರು?" ಎಂದು ವಿಚಾರಿಸಿದರು.

ಮೇಜಿಗೆ ಕುಳಿತ ಮೇಲೆ ಅರಬಾಬ್ ಕ್ಯಾಪ್ಟನ್‌ಗೆ ಒಂದು ಮಾತು ಹೇಳಿಕಳಿಸಿದರು. ಕೊನೆಯ ಸಿಹಿ ತಿಂದು ಮುಗಿಯುವವರೆಗೆ ಬೋಟು ದಡಕ್ಕೆ ತಿರುಗಬಾರದು. ಹಳೆಯ ಸ್ಟೀಮರಿನಲ್ಲಿ ಹಾಗೇ ಇತ್ತಂತೆ. ಕಿಟಕಿಗಳಿಗೆಲ್ಲ ತೆರೆಯಲಾಗದ ಗಾಜು. ಏಸಿ ಬಂದರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ತೆರೆಗಳ ಮೇಲೆ ಬಂದೊಡನೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾನು ಬೆವರುತ್ತ ಎದ್ದು ಜಾಗಟೆ ಬಾರಿಸಿದೆ. ಹಾಗೆ ಮಾಡಬೇಕೆಂದು ನಾನೇ ಹೇಳಿದ್ದೆ.

ಸಾಹೇಬರು ಕರಿ ಕೋಟು ಹಾಕಿಕೊಂಡು ಸೂಪು ತಂದರು. ರೈಲ್ವೆ ಮುದ್ರೆಯ ಬೋಗುಣಿಗೆ ಬಡಿಸುವಾಗ ನನ್ನ ಕಿವಿಯಲ್ಲಿ, "ಒಗ್ಗರಣೆ ಸಾಸಿವೆ ತೆಗೆದಿದ್ದೇನೆ, ಹೆದರ್ಬೇಡಿ" ಎಂದರು.

ಅರಬಾಬ್ ಒಂದು ಚಮಚ ಬಾಯಿಗಿಟ್ಟರು. ಚಮಚ ಅಲ್ಲೇ ನಿಂತಿತು. ಮೂಗು ಅರಳಿತು, ಕಣ್ಣಂಚು ಒದ್ದೆಯಾಯಿತು, ಮೆಣಸು ಅಷ್ಟಿತ್ತು. ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

"ಇದು," ಎಂದರು ಅರಬಾಬ್. "ಬೀಬಿ, ಇದೇ."

ಬೀಬಿಯೂ ಚಮಚ ಎತ್ತಿ ಕುಡಿದರು. ಆಮೇಲೆ ಇನ್ನೊಂದು ಚಮಚ. ನಂತರ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿ, ನನಗೆ ತಿಳಿಯುವ ಭಾಷೆಯಲ್ಲಿ ಹೇಳಿದರು:

"ಇವನು ಆ ಸಲೂನಿಗೆ ಕಾಲೇ ಇಟ್ಟಿಲ್ಲ, ಗೊತ್ತಾ? ಅದು ಬಿಳಿಯರಿಗೆ. ನಾವು ಹೊರಗೆ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಒಳಗೆ ಹೋಗಬೇಕು ಅಂತ ಇವನು ಕಿರುಚಿ ರಂಪ ಮಾಡಿದ. ಪಕ್ಕದ ಚಾಪೆಯ, ನಿಮ್ಮ ದೇಶದ ಬನಿಯಾ ಹೆಂಗಸು, ಪಾಪ, ತನ್ನ ಡಬ್ಬಿಯಿಂದ ಏನೋ ಹುಳಿ ನೀರು, ಖಾರದ್ದು, ಮುಚ್ಚಳದಲ್ಲಿ ಹಾಕಿ ಕೊಟ್ಟಳು. ಕುಡಿದು ಬಾಯಿ ಮುಚ್ಚಿದ. ಇದು ಅದೇ."

"ಸುಳ್ಳು," ಎಂದರು ಅರಬಾಬ್, ಅವರೂ ಹಿಂದಿಯಲ್ಲೇ. "ಕಿಟಕಿಯಿಂದ ಬಟ್ಲರ್ ಕೊಟ್ಟ. ನನಗೆ ಚೆನ್ನಾಗಿ ನೆನಪಿದೆ."

"ನಿನಗೆ ಆರು ವರ್ಷ."

"ಆರು ವರ್ಷದವನಿಗೆ ನಾಲಿಗೆ ಇರುವುದಿಲ್ಲವಾ? ಇಲ್ಲಿ ಕೇಳು ಬೀಬಿ. ಇವನು ಹಿಂದೂಸ್ತಾನದವನು. ನಮ್ಮ ಸರೋವರವನ್ನು ಕಂಡವನಲ್ಲ. ನಾನು ಇವನಿಗೆ ಸೂಪಿನ ಬಗ್ಗೆ ಒಂದು ಮಾತೂ ಹೇಳಿಲ್ಲ. ಆದರೂ ಅದೇ ಸೂಪು ಮಾಡಿಸಿದ್ದಾನೆ. ಹೇಗೆ? ಗಂಗೆಯ ಸ್ಟೀಮರಿನಲ್ಲಿ ಇದೇ ಕೊಡುತ್ತಿದ್ದರು, ಅದಕ್ಕೆ. ಅಲ್ಲೂ ರೈಲ್ವೆ, ಇಲ್ಲೂ ರೈಲ್ವೆ."

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಆದರೆ ಅರಬಾಬ್ ಮೂರನೇ ಬೋಗುಣಿ ಕೇಳುತ್ತಿದ್ದರು, ಮುಖದಲ್ಲಿ ನಾನು ಎಂದೂ ಕಂಡಿರದ ಸಂತೋಷ. ಇಂಥ ಗಳಿಗೆಯಲ್ಲಿ ಮನುಷ್ಯ ಏನು ಕೇಳಿದರೂ ಕೊಡುತ್ತಾನೆ ಎಂದು ನಾನು ನಂಬಿದೆ. ಬಾಯಿ ಮುಚ್ಚಿಕೊಂಡು ಬೇಯಿಸಿದ ಕ್ಯಾರೆಟ್ಟು ತಿಂದೆ.

ಮೀನು ಬಂತು, ಹೋಯಿತು. ಕೋಳಿ ಬಂತು, ಕಟ್ಲೆಟ್ಟು ಬಂತು. ಅರಬಾಬ್ ಅವನ್ನೆಲ್ಲ ಶಾಸ್ತ್ರಕ್ಕೆ ಮುಟ್ಟಿ, ರೋಸ್ಟಿನ ಪಕ್ಕದ ಅನ್ನಕ್ಕೆ ಸೂಪು ಸುರಿದುಕೊಂಡು ಕೈಯಲ್ಲೇ ಕಲಸಿ ಉಂಡರು. ಆಮೇಲೆ ಕಸ್ಟರ್ಡು ಬರಲಿಲ್ಲ. ಬೋಟು ಒಂದೇ ಜಾಗದಲ್ಲಿ ಸುತ್ತು ಹಾಕುತ್ತಿತ್ತು. ಕಂದು ಬೆಟ್ಟಗಳು ಎಡಗಿಟಕಿಯಿಂದ ಬಲಗಿಟಕಿಗೆ ಬಂದು, ಮರಳಿ ಎಡಗಿಟಕಿಗೆ ಹೋಗುತ್ತಿದ್ದವು. ನಾನು ಎದ್ದು ಅಡುಗೆಯ ಗೂಡಿಗೆ ಹೋದೆ.

"ಗಟ್ಟಿ ಆಗ್ತಾ ಇಲ್ಲ ಭಟ್ರೆ," ಎಂದರು ಸಾಹೇಬರು, ಕರಿ ಕೋಟು ಕಳಚಿ ಬನಿಯನ್ನಿನಲ್ಲಿ ನಿಂತು. "ಫ್ರಿಜ್ಜಿಗೂ ಕರೆಂಟಿಲ್ಲ. ಅಲುಗಾಡುದು ಬೇರೆ."

"ನೀರಾಗಿದ್ದರೂ ಪರವಾಗಿಲ್ಲ, ಕೊಡಿ. ದಡಕ್ಕೆ ಹೋಗ್ಬೇಕು."

"ಅದನ್ನೂ ಬೋಗುಣಿಯಲ್ಲಿ ಹಾಕಿ ಸೂಪು ಅಂತ ಹೇಳುದಾ?"

ಬೇರೆ ದಾರಿ ಇರಲಿಲ್ಲ. ಮತ್ತೆ ಹೋಗಿ ಕುಳಿತೆ. ಟೈ ಸಡಿಲಿಸಿದೆ. ಸಮುದ್ರದ ಮಧ್ಯೆ, ಮುಚ್ಚಿದ ಗಾಜಿನೊಳಗೆ, ಗಟ್ಟಿಯಾಗದ ಕಸ್ಟರ್ಡಿಗೆ ಕಾಯುತ್ತ ಕುಳಿತವನಿಗೆ ಮುಂದೆ ಹಾಕಲು ಏನೂ ಉಳಿದಿರುವುದಿಲ್ಲ. ಕೇಳಿಬಿಟ್ಟೆ.

"ಅರಬಾಬ್, ರಿಲೀಸಿನ ಮಾತು ಊಟದ ಮೇಲೆ ಅಂದಿದ್ರಿ."

"ಹೌದು." ಕೈ ತೊಳೆದ ನೀರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ರುಸೈಲ್‌ನಲ್ಲಿ ಏನಿದೆ ಉಸ್ತಾದ್? ಧೂಳು."

"ಹೆಂಡತಿ, ಮಗಳು ಬರಬಹುದು."

"ಕೊಟ್ಟುಬಿಡು," ಎಂದರು ಬೀಬಿ. "ಮಗಳಿದ್ದಾಳಂತೆ ಅವನಿಗೆ."

"ಕೊಡುತ್ತಿದ್ದೆ ಬೀಬಿ. ನಿನ್ನೆಯವರೆಗೆ ಕೊಡಬೇಕೆಂದೇ ಇದ್ದೆ. ಫ್ಯಾಕ್ಸ್ ನೋಡಿಕೊಳ್ಳುವವರು ಎಷ್ಟು ಜನ ಬೇಕಾದರೂ ಸಿಗುತ್ತಾರೆ." ಬೋಗುಣಿಯ ಅಂಚನ್ನು ಬೆರಳಿನಿಂದ ಮುಟ್ಟಿದರು. "ಇದನ್ನು ಬಲ್ಲವನು ಸಿಗುತ್ತಾನಾ? ಇನ್ನು ಇವನು ಬೋಟಿನ ಮ್ಯಾನೇಜರ್. ಇವನಿಲ್ಲದೆ ಹೋಟೆಲು ತೆರೆಯುವುದು ಹೇಗೆ?"

"ಸೂಪು ಮಾಡಿದ್ದು ಸಾಹೇಬರು, ನಾನಲ್ಲ," ಎಂದೆ.

"ಹೇಳಿಕೊಟ್ಟದ್ದು ಯಾರು?"

"ಅರಬಾಬ್, ಅದು ರೈಲ್ವೆಯ ಸೂಪಲ್ಲ. ನಮ್ಮಮ್ಮ ನೆಗಡಿಗೆ ಮಾಡ್ತಿದ್ದ ಸಾರು. ನಾವೂ ಸಲೂನಿನ ಹೊರಗೇ ಕುಳಿತಿದ್ದವರು. ಕಿಟಕಿಯ ಕೆಳಗೆ."

ಬೀಬಿ ಕೋಲನ್ನು ನೆಲಕ್ಕೆ ಕುಟ್ಟಿ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಅರಬಾಬ್ ನಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ಅಕ್ಕನಿಗೆ ಹೇಳಿದರು: "ನೋಡಿದೆಯಾ? ದೊಡ್ಡ ಕೆಲಸ ಬಲ್ಲವರೆಲ್ಲ ಹೀಗೇ. ನನ್ನದೇನೂ ಇಲ್ಲ, ಅಮ್ಮನದು ಅನ್ನುತ್ತಾರೆ."

"ಅವನು ನಿಜ ಹೇಳುತ್ತಿದ್ದಾನೆ, ಕತ್ತೆ."

"ನಿನಗೆ ಆಗಲೂ ಆ ಕಿಟಕಿ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ." ಆಮೇಲೆ ನನಗೆ, ಬಹಳ ಮೃದುವಾಗಿ: "ನಿನ್ನ ಕುಟುಂಬದ ವೀಸಾಕ್ಕೆ ಇಲ್ಲಿಂದಲೇ ಕೇಳೋಣ. ಇನ್ಶಾ ಅಲ್ಲಾಹ್. ಯಲ್ಲಾ, ಸಿಹಿ ಎಲ್ಲಿ?"

ಸಿಹಿ ಲೋಟಗಳಲ್ಲಿ ಬಂತು. ಮೂವರೂ ಕುಡಿದೆವು. ಬೋಟು ದಡಕ್ಕೆ ತಿರುಗಿತು. ಇಳಿಯುವಾಗ ಬೀಬಿ ನನ್ನ ಕೈಯಾಸರೆ ಹಿಡಿದು ಹಲಗೆ ದಾಟಿದರು. "ಹುಳಿ ಸ್ವಲ್ಪ ಹೆಚ್ಚು ಮಾಡಬೇಕಿತ್ತು ನೀನು," ಎಂದರು. "ಕೆಟ್ಟದಾಗಿ ಮಾಡಿಸಿದ್ದರೆ ಇವನು ನಿನ್ನನ್ನು ಬಿಟ್ಟುಬಿಡುತ್ತಿದ್ದ."

ಸಂಜೆ ರೂಮಿನ ಹತ್ತಿರದ ಅಂಗಡಿಯ ಮುಂದಿನ ಫೋನ್ ಬೂತಿನಿಂದ ಮೈಸೂರಿಗೆ ಮಾಡಿದೆ. ಮಗಳು ಎತ್ತಿಕೊಂಡಳು. ಹಡಗಿನ ಊಟ ಹೇಗಿತ್ತಪ್ಪ ಎಂದು ಕೇಳಿದಳು. ಸಾರು ಚೆನ್ನಾಗಿತ್ತು ಎಂದೆ. ಹಡಗಿನಲ್ಲೂ ಸಾರೇನಾ ಎಂದು ನಕ್ಕು ಅಮ್ಮನಿಗೆ ಕೊಟ್ಟಳು. ನಾನು ಹಲೋ ಎಂದ ರೀತಿಯಲ್ಲೇ ಹೆಂಡತಿಗೆ ಎಲ್ಲ ತಿಳಿಯಿತು.

ಅರಬಾಬ್ ಕುಟುಂಬದ ವೀಸಾದ ಅರ್ಜಿ ಹಾಕಿದರು. ಪ್ಲಂಬರನಿಗೆ ಆಗುವುದಿಲ್ಲ ಎಂದು ವಾಪಸು ಬಂತು. ತಿಂಗಳ ಕೊನೆಗೆ ರುಸೈಲ್‌ನ ಕೆಲಸಕ್ಕೆ ಬೇರೊಬ್ಬರನ್ನು ತೆಗೆದುಕೊಂಡರು. ನಾನು ಕಂಟ್ರಾಕ್ಟ್ ಮುಗಿಯುವವರೆಗೆ ಬೋಟಿನ ಮ್ಯಾನೇಜರ್ ಆಗಿದ್ದು, ಆಮೇಲೆ ಊರಿಗೆ ವಾಪಸು ಬಂದೆ.